ಏಳಲೆಂದೇ ರಾಡ್ ಹಾಕಿದ್ದು

ಕಾಲಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದವರಿಗೆ ಚಿಂತಾಮಣಿ ಕಡೆಯ ನಮ್ಮ ಕೆಂಚಾರ್ಲಹಳ್ಳಿಯ ಸುತ್ತಮುತ್ತ ಎರಡು ಭಾಷೆಯಲ್ಲಿ ಒಂದೇ ಬುದ್ಧಿವಾದ ಸಿಗುತ್ತದೆ. ಕನ್ನಡದ ಮನೆಯಲ್ಲಿ ‘ಅಲ್ಲಾಡ್ದಂಗೆ ಮಲಿಕ್ಕೊ’, ತೆಲುಗಿನ ಮನೆಯಲ್ಲಿ ‘ಕದಲಕುಂಡ ಪಂಡುಕೋ’. ನೋಡಲು ಬಂದವರು ಬ್ರೆಡ್ಡಿನ ಪೊಟ್ಟಣವನ್ನೋ ನಾಲ್ಕು ಮೂಸಂಬಿಯನ್ನೋ ತಲೆದಿಂಬಿನ ಪಕ್ಕ ಇಟ್ಟು, ಬ್ಯಾಂಡೇಜಿನ ಮೇಲೆ ಕಣ್ಣಾಡಿಸಿ, ಇದನ್ನೇ ಹೇಳಿ ಎದ್ದು ಹೋಗುತ್ತಾರೆ. ಮೂಳೆ ಕೂಡಬೇಕಲ್ಲ, ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬೇಡ ಅನ್ನುತ್ತಾರೆ. ಮೇಷ್ಟರೂ ಇದನ್ನೇ ಹೇಳುತ್ತಾರೆ, ಡೇರಿ ಸೆಕ್ರೆಟರಿಯೂ ಇದನ್ನೇ ಹೇಳುತ್ತಾರೆ, ಬೆಂಗಳೂರಿನಿಂದ ಫೋನ್ ಮಾಡುವ ಮಗಳೂ ಇದನ್ನೇ ಹೇಳುತ್ತಾಳೆ. ಇಷ್ಟು ಜನ ಇಷ್ಟು ಅಕ್ಕರೆಯಿಂದ ಹೇಳುವ ಮಾತನ್ನು ತಪ್ಪು ಎನ್ನಲು ನಾಲಗೆ ಏಳುವುದಿಲ್ಲ. ಆದರೂ ಹೇಳಲೇಬೇಕು. ಈ ಮಾತು ತಪ್ಪು. ದುಡಿಯುವ ವಯಸ್ಸಿನ ಗಂಡಸು ಹೆಂಗಸರನ್ನು ನಮ್ಮ ಊರುಗಳಲ್ಲಿ ಇದು ಕುಂಟರನ್ನಾಗಿ ಮಾಡುತ್ತಿದೆ. ವಯಸ್ಸಾದವರನ್ನು ಹಾಸಿಗೆಯಿಂದ ಏಳದ ಹಾಗೆ ಮಾಡಿ, ಕೆಲವರನ್ನು ಅಲ್ಲಿಂದಲೇ ಕಳಿಸಿಯೂ ಬಿಟ್ಟಿದೆ.

ನಾನು ವೈದ್ಯನಲ್ಲ. ನನ್ನ ಕಾಲಿನೊಳಗೆ ರಾಡ್ ಇದೆ, ನಮ್ಮ ಅತ್ತೆಯ ಸೊಂಟಕ್ಕೆ ಆಪರೇಷನ್ ಆಗಿದೆ, ನಮ್ಮ ಬೀದಿಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರ ಮನೆಗಳಿಗೆ ಹೋಗಿ ಕೂತು ಬಂದಿದ್ದೇನೆ. ಒಂದೇ ಥರ ಮುರಿದ ಮೂಳೆ, ಒಂದೇ ಥರದ ರಾಡ್ ಇದ್ದ ಇಬ್ಬರಲ್ಲಿ ಒಬ್ಬನು ಮತ್ತೆ ಹಿಪ್ಪುನೇರಳೆ ತೋಟಕ್ಕೆ ಹೋಗುತ್ತಾನೆ, ಇನ್ನೊಬ್ಬನು ಜಗುಲಿಗೇ ಉಳಿಯುತ್ತಾನೆ. ಈ ಎರಡರ ನಡುವಿನ ವ್ಯತ್ಯಾಸ ಆಪರೇಷನ್ ಥಿಯೇಟರಿನಲ್ಲಿ ಆಗಿದ್ದಲ್ಲ. ಅದು ಆದದ್ದು ಮನೆಯ ನಡುಮನೆಯಲ್ಲಿ, ನವಾರಿನ ಮಂಚದ ಮೇಲೆ.

ಮೊದಲು ರಾಡಿನ ವಿಷಯ. ಮುರಿದ ಮೂಳೆಯೊಳಗೆ ರಾಡನ್ನೋ ಮೂಳೆಯ ಮೇಲೆ ಪ್ಲೇಟನ್ನೋ ಏಕೆ ಹಾಕುತ್ತಾರೆ ಎಂದು ಕೇಳಿ ನೋಡಿ, ‘ಮೂಳೆ ಕೂಡೋದಕ್ಕೆ’ ಎನ್ನುತ್ತಾರೆ. ಮೂಳೆ ಕೂಡುವುದಕ್ಕೆ ಸ್ಟೀಲ್ ಬೇಕಾಗಿಲ್ಲ. ನೇರವಾಗಿ ಹಿಡಿದಿಟ್ಟು ಕಟ್ಟಿದರೆ ಬಹಳ ಮೂಳೆಗಳು ತಾವಾಗಿಯೇ ಕೂಡುತ್ತವೆ. ರಾಡ್ ಬರುವ ಮುಂಚೆ ಸಾವಿರಾರು ವರ್ಷ ಕೂಡಿಕೊಂಡೇ ಬಂದಿವೆ. ಆದರೆ ತೊಡೆಯ ಮೂಳೆ ಮುರಿದವನು ಕಾಲಿಗೆ ತೂಕ ಕಟ್ಟಿಸಿಕೊಂಡು ವಾರಗಟ್ಟಲೆ ಅಂಗಾತ ಮಲಗಿರಬೇಕಿತ್ತು. ಮೂಳೆ ಕೂಡುತ್ತಿತ್ತು, ಮನುಷ್ಯ ಹಾಳಾಗುತ್ತಿದ್ದ. ಮಾಂಸ ಕರಗಿ, ಮಂಡಿ ಮರಗಟ್ಟಿ, ಬೆನ್ನಿಗೆ ಹುಣ್ಣಾಗಿ, ಕಫ ಕಟ್ಟಿ ಕೆಲವರು ಸಾಯುತ್ತಲೂ ಇದ್ದರು. ಇದನ್ನು ತಪ್ಪಿಸಲೆಂದೇ ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕುಂಟ್ಷರ್ 1939ರಲ್ಲಿ ಮೊದಲ ಬಾರಿಗೆ ತೊಡೆಮೂಳೆಯ ಟೊಳ್ಳಿನೊಳಗೆ ಉದ್ದನೆಯ ಸ್ಟೀಲ್ ಮೊಳೆ ಇಳಿಸಿದ. 1958ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಕೂಡಿ ಎಒ ಎಂಬ ಗುಂಪು ಕಟ್ಟಿಕೊಂಡರು. ಮೂಳೆಯನ್ನು ಭದ್ರವಾಗಿ ಹಿಡಿಸಬೇಕು, ಹಿಡಿಸಿದ ಮೇಲೆ ಕಾಲನ್ನೂ ರೋಗಿಯನ್ನೂ ಬೇಗ ಚಲಿಸುವಂತೆ ಮಾಡಬೇಕು ಎಂಬುದು ಅವರ ಮೂಲ ಸೂತ್ರಗಳಲ್ಲೇ ಇದೆ. ಇವತ್ತು ಚಿಂತಾಮಣಿಯಲ್ಲಾಗಲಿ, ಕೋಲಾರದ ಟಮಕದಲ್ಲಾಗಲಿ, ಬೆಂಗಳೂರಿನ ಸಂಜಯ ಗಾಂಧಿ ಆಸ್ಪತ್ರೆಯಲ್ಲಾಗಲಿ ನಮ್ಮವರ ಕಾಲಿಗೆ ಬೀಳುವ ರಾಡ್ ಪ್ಲೇಟುಗಳೆಲ್ಲ ಆ ಆಲೋಚನೆಯ ಮಕ್ಕಳೇ.

ಟೊಮೆಟೊ ಬೆಳೆಯುವ ಊರು ನಮ್ಮದು. ಗಿಡಕ್ಕೆ ಕಡ್ಡಿ ನೆಟ್ಟು ದಾರ ಕಟ್ಟುವುದು ಅದು ಮೇಲೇಳಲಿ ಎಂದು. ಕಡ್ಡಿ ಕಟ್ಟಿದ ಮೇಲೆ ಗಿಡವನ್ನು ನೆಲಕ್ಕೆ ಮಲಗಿಸುವ ರೈತನನ್ನು ನಾನು ಕಂಡಿಲ್ಲ. ರಾಡ್ ಹಾಕಿಸಿಕೊಂಡವನನ್ನು ಮೂರು ತಿಂಗಳು ಮಲಗಿಸುವುದೆಂದರೆ, ಆಪರೇಷನ್ನಿನ ನೋವು, ಖರ್ಚು, ಅಪಾಯ ಎಲ್ಲವನ್ನೂ ಹೊತ್ತುಕೊಂಡು, ಅದರಿಂದ ಬರಬೇಕಾದ ಒಂದೇ ಒಂದು ಲಾಭವನ್ನು ಬೀದಿಗೆ ಚೆಲ್ಲಿದ ಹಾಗೆ.

‘ನಮ್ಮ ಹಿರಿಯರು ಹೀಗೇ ಮಾಡುತ್ತಿದ್ದರು’ ಎನ್ನುವವರಿಗೂ ಉತ್ತರವಿದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮುರಿದ ಮೂಳೆಗೆಂದೇ ಒಂದು ಅಧ್ಯಾಯವಿದೆ. ಕಾಲಿನ ದೊಡ್ಡ ಮೂಳೆ ಮುರಿದವನನ್ನು ಹಲಗೆಯ ಮೇಲೆ ಮಲಗಿಸಿ, ಐದು ಕಡೆ ಗೂಟ ಹೊಡೆದು, ಅಲುಗದಂತೆ ಕಟ್ಟಬೇಕೆಂದು ಅದರಲ್ಲಿ ಹೇಳಿದೆ, ನಿಜ. ಆಗ ಮೂಳೆಯನ್ನು ಒಳಗಿನಿಂದ ಹಿಡಿಯುವ ದಾರಿ ಇರಲಿಲ್ಲ, ಹೊರಗಿನಿಂದ ಇಡೀ ಮನುಷ್ಯನನ್ನೇ ಹಿಡಿಯಬೇಕಿತ್ತು. ಆದರೆ ಅದೇ ಅಧ್ಯಾಯದಲ್ಲಿ ಕೈಮೂಳೆ ವಾಸಿಯಾದವನ ವಿಷಯವೂ ಬರುತ್ತದೆ. ಮೊದಲು ಮೆತ್ತನೆಯ ಉಂಡೆ ಹಿಡಿಸಬೇಕು, ಆಮೇಲೆ ಉಪ್ಪಿನ ಹೆಂಟೆ, ಕೈಗೆ ಬಲ ಬಂದ ಮೇಲೆ ಕಲ್ಲು. ಇದನ್ನು ಫಿಸಿಯೋಥೆರಪಿ ಅಲ್ಲದೆ ಇನ್ನೇನೆಂದು ಕರೆಯುವುದು? ಭಾರವನ್ನು ಹಂತಹಂತವಾಗಿ ಏರಿಸಿದರೆ ಮಾತ್ರ ಅಂಗಕ್ಕೆ ಬಲ ಮರಳುತ್ತದೆ ಎಂದು ನಮ್ಮ ಹಳೆಯ ವೈದ್ಯರಿಗೆ ಗೊತ್ತಿತ್ತು. ಗೂಟ ಹೊಡೆದದ್ದನ್ನು ನಾವು ನೆನಪಿಟ್ಟುಕೊಂಡೆವು, ಕಲ್ಲು ಹಿಡಿಸಿದ್ದನ್ನು ಮರೆತೆವು.

ನಮ್ಮ ಭಾಗಕ್ಕೆ ಇನ್ನೊಂದು ಪರಂಪರೆಯೂ ಹತ್ತಿರದ್ದು. ಗಡಿಯಾಚೆ ಆಂಧ್ರದ ಪುತ್ತೂರಿನ ಕಟ್ಟು. ಸೊಪ್ಪಿನ ರಸ, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ. ನಮ್ಮ ಅಜ್ಜನ ಕಾಲದಿಂದ ಜನ ಬಾಡಿಗೆ ಗಾಡಿ ಮಾಡಿಕೊಂಡು ಹೋಗಿ ಕಟ್ಟಿಸಿಕೊಂಡು ಬಂದಿದ್ದಾರೆ. ಆ ಕಟ್ಟಿನ ಒಳಿತು ಕೆಡುಕು ಇಲ್ಲಿ ನನ್ನ ವಿಷಯವಲ್ಲ. ಕಟ್ಟು ಬಿಚ್ಚುವ ತನಕ ಅಲುಗಬಾರದು ಎಂಬ ನಿಯಮ ಆ ಪದ್ಧತಿಗೆ ಸೇರಿದ್ದು. ಆಸ್ಪತ್ರೆಗೆ ಹೋಗಿ ರಾಡ್ ಹಾಕಿಸಿಕೊಂಡು ಬಂದು, ನಿಯಮವನ್ನು ಮಾತ್ರ ಪುತ್ತೂರಿನದನ್ನು ಪಾಲಿಸುತ್ತೇವೆ. ಎರಡು ಪದ್ಧತಿಗಳ ಕಷ್ಟವೂ ನಮ್ಮ ಪಾಲಿಗೆ, ಎರಡರ ಸುಖವೂ ಇಲ್ಲ.

ಇಂಗ್ಲೆಂಡಿನಲ್ಲೂ ಇದೇ ನಂಬಿಕೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಲಿವರ್‌ಪೂಲಿನಲ್ಲಿದ್ದ ಹ್ಯೂ ಓವನ್ ಥಾಮಸ್, ಮೂಳೆ ಕಟ್ಟುವ ನಾಟಿ ವೈದ್ಯರ ಮನೆತನದವನು, ದೀರ್ಘಕಾಲದ ಕಟ್ಟುನಿಟ್ಟಿನ ವಿಶ್ರಾಂತಿಯೇ ಮದ್ದು ಎಂದು ಸಾರಿದ. ಅವನ ಹೆಸರಿನ ಸ್ಪ್ಲಿಂಟ್ ಇಂದಿಗೂ ಆಸ್ಪತ್ರೆಗಳಲ್ಲಿದೆ. ಆ ನಂಬಿಕೆಗೆ ಅಲ್ಲಿಯ ವೈದ್ಯರೇ ತಿರುಗಿಬಿದ್ದರು. 1947ರಲ್ಲಿ ರಿಚರ್ಡ್ ಆಶರ್ ಎಂಬ ವೈದ್ಯ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಬರೆದ ಲೇಖನ ಹೆಸರುವಾಸಿಯಾಯಿತು. ಈಗ ಅಲ್ಲಿ ಸೊಂಟದ ಮೂಳೆ ಮುರಿದ ಎಂಬತ್ತರ ಅಜ್ಜಿಯನ್ನೂ ಆಪರೇಷನ್ನಿನ ಮರುದಿನವೇ ಎಬ್ಬಿಸಿ ನಿಲ್ಲಿಸಬೇಕು ಎಂಬುದು ನಿಯಮ. ನಮ್ಮ ಮನೆಗಳ ಅರವತ್ತರ ಅತ್ತೆಯನ್ನು ತಿಂಗಳುಗಟ್ಟಲೆ ಗೋಡೆ ಕಡೆ ಮುಖ ಮಾಡಿಸಿ ಮಲಗಿಸುವುದು ಯಾವ ನ್ಯಾಯ?

ಮಲಗಿದರೆ ಏನಾಗುತ್ತದೆ ಎಂಬುದಕ್ಕೆ ಅಂದಾಜು ಬೇಕಿಲ್ಲ, ಅಳತೆ ಮಾಡಿ ನೋಡಿದ್ದಾರೆ. ಅಮೆರಿಕದಲ್ಲಿ ಆರೋಗ್ಯವಾಗಿದ್ದ ವಯಸ್ಸಾದವರನ್ನು ಬರೀ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕಾಲುಗಳಿಂದಲೇ ಒಬ್ಬೊಬ್ಬರದು ಸರಾಸರಿ ಒಂದು ಕಿಲೋದಷ್ಟು ಮಾಂಸ ಕರಗಿತ್ತು. ಅವರಿಗೆ ಮೂಳೆ ಮುರಿದಿರಲಿಲ್ಲ, ರಕ್ತ ಹೋಗಿರಲಿಲ್ಲ, ಹೊತ್ತು ಹೊತ್ತಿಗೆ ಊಟ ಸಿಗುತ್ತಿತ್ತು. ಗಂಜಿ ಕುಡಿದು ಮೂರು ತಿಂಗಳು ಮಲಗಿದ ನಮ್ಮ ಅಜ್ಜಿಯ ಕಾಲಿನಲ್ಲಿ ಏನು ಉಳಿದೀತು? ಮೂಳೆಯೂ ಹಾಗೆಯೇ. ಭಾರ ಬಿದ್ದ ಕಡೆ ಮೂಳೆ ಬಲಿಯುತ್ತದೆ, ಭಾರ ಬೀಳದ ಕಡೆ ಸವೆಯುತ್ತದೆ ಎಂದು ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದ. ಮೂಳೆ ಕೂಡಲಿ ಎಂದು ಮಲಗಿಸುತ್ತೇವಲ್ಲ, ಆ ಮಲಗಿಸುವುದೇ ಉಳಿದ ಮೂಳೆಗಳನ್ನೆಲ್ಲ ಟೊಳ್ಳು ಮಾಡುತ್ತದೆ. ಇನ್ನು ರಕ್ತ. ಕಾಲಿನ ಮೀನಖಂಡ ಆಡುತ್ತಿದ್ದರೆ ರಕ್ತ ಮೇಲಕ್ಕೆ ಹರಿಯುತ್ತದೆ, ಆಡದಿದ್ದರೆ ನಿಲ್ಲುತ್ತದೆ, ನಿಂತಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಮನುಷ್ಯ ನಿಮಿಷಗಳಲ್ಲಿ ಹೋಗಬಹುದು. ‘ಆಪರೇಷನ್ ಚೆನ್ನಾಗಿ ಆಗಿತ್ತು, ಇದ್ದಕ್ಕಿದ್ದಂತೆ ಹಾರ್ಟ್ ನಿಂತುಹೋಯಿತು’ ಎಂದು ನಾವು ಸಾವಿನ ಮನೆಯಲ್ಲಿ ಕೇಳುವ ಮಾತಿನ ಹಿಂದೆ ಎಷ್ಟೋ ಸಲ ಇದೇ ಇದ್ದೀತು. ಒಂದೇ ಕಾಲಿನ ಮೀನಖಂಡ ಬಿಗಿದು ಊದಿಕೊಂಡು ನೋಯುತ್ತಿದ್ದರೆ, ಉಸಿರು ಕಟ್ಟಿದಂತಾದರೆ, ಎಣ್ಣೆ ತಿಕ್ಕುತ್ತ ಕೂರದೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಓಡಬೇಕು.

ಇಷ್ಟೆಲ್ಲ ದೊಡ್ಡ ವಿಷಯ ಬಿಡಿ, ಒಂದು ದಿಂಬಿನ ವಿಷಯ ನೋಡಿ. ಮಂಡಿಯ ಹತ್ತಿರ ಆಪರೇಷನ್ ಆದವರ ಮನೆಗೆ ಹೋದರೆ ಹತ್ತರಲ್ಲಿ ಒಂಬತ್ತು ಕಡೆ ಮಂಡಿಯ ಅಡಿಗೆ ದಿಂಬು ಇರುತ್ತದೆ. ಇಟ್ಟವರು ತಾಯಿಯೋ ಹೆಂಡತಿಯೋ. ಮಂಡಿ ಸ್ವಲ್ಪ ಮಡಚಿದ್ದರೆ ಒಳಗಿನ ಬಿಗಿತ ಸಡಿಲಾಗುತ್ತದೆ, ನೋವು ತಗ್ಗುತ್ತದೆ, ರೋಗಿ ನಿದ್ದೆ ಹೋಗುತ್ತಾನೆ. ಹಾಗಾಗಿ ದಿಂಬು ಅಲ್ಲೇ ಉಳಿಯುತ್ತದೆ, ಹಗಲೂ ರಾತ್ರಿ, ವಾರದ ಮೇಲೆ ವಾರ. ಮಂಡಿಯ ಹಿಂದಿನ ನರ, ಸ್ನಾಯು, ಚೀಲ ಎಲ್ಲ ಆ ಮಡಿಕೆಗೇ ಕುಗ್ಗಿ ಕೂರುತ್ತವೆ. ಬ್ಯಾಂಡೇಜ್ ಬಿಚ್ಚಿ ನಿಲ್ಲಿಸುವ ಹೊತ್ತಿಗೆ ಕಾಲು ಪೂರ್ತಿ ನೇರವಾಗುವುದಿಲ್ಲ, ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಆಗ ‘ಆಪರೇಷನ್ ಸರಿಯಾಗಿ ಮಾಡಿಲ್ಲ, ಒಂದು ಕಾಲು ಗಿಡ್ಡ ಆಗೋಗಿದೆ’ ಎಂದು ಡಾಕ್ಟರನ್ನು ಬೈಯುತ್ತಾರೆ. ಕಾಲು ಗಿಡ್ಡ ಆಗಿಲ್ಲ. ದಿಂಬನ್ನು ಮಂಡಿಯಿಂದ ತೆಗೆದು ಕಣಕಾಲಿನ ಅಡಿಗೆ ಇಟ್ಟಿದ್ದರೆ ಸಾಕಿತ್ತು. ನೋವು ಸ್ವಲ್ಪ ಜಾಸ್ತಿ ಇರುತ್ತಿತ್ತು, ಮಂಡಿ ನೆಟ್ಟಗೆ ಉಳಿಯುತ್ತಿತ್ತು. ಹಿಮ್ಮಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯನ್ನು ಹಾಸಿಗೆಯ ಕಡೆಗೆ ಒತ್ತಿ, ಐದು ಎಣಿಸಿ ಬಿಡುವುದು; ಪಾದವನ್ನು ಮುಂದಕ್ಕೂ ಹಿಂದಕ್ಕೂ ಆಡಿಸುವುದು; ಹಿಮ್ಮಡಿಯನ್ನು ಹಾಸಿಗೆಯ ಮೇಲೇ ಜಾರಿಸಿ ಡಾಕ್ಟರು ಬಿಟ್ಟಷ್ಟು ಮಡಚುವುದು. ಮೊದಲ ದಿನಗಳ ಕೆಲಸ ಇಷ್ಟೇ. ಇಷ್ಟನ್ನು ಮಾಡುವಾಗ ಕಣ್ಣಲ್ಲಿ ನೀರು ಬರುತ್ತದೆ, ನನಗೂ ಬಂದಿದೆ. ಬಾಗಿಲಲ್ಲಿ ನಿಂತ ಚಿಕ್ಕಮ್ಮ ‘ಸಾಕು ಬಿಡಪ್ಪ, ಯಾಕೆ ಹಿಂಸೆ ಪಡ್ತೀಯ’ ಎಂದರು. ಅವರ ಪ್ರೀತಿಯನ್ನು ಅನುಮಾನಿಸಲಾರೆ. ಆ ಪ್ರೀತಿಗೆ ತಿಳಿವಳಿಕೆ ಕೊಡಬೇಕಾದವರು ಕೊಡಲಿಲ್ಲ, ಅದು ನನ್ನ ತಕರಾರು.

ಪಟ್ಟಣದ ಆಫೀಸಿನವನಿಗಿಂತ ನಮ್ಮವರಿಗೆ ಮಂಡಿ ಹೆಚ್ಚು ಬೇಕು. ಕುರ್ಚಿಯಲ್ಲಿ ಕೂತು ಏಳಲು ಮಂಡಿ 90 ಡಿಗ್ರಿ ಮಡಚಿದರೆ ನಡೆಯುತ್ತದೆ. ಕುಕ್ಕರಗಾಲಲ್ಲಿ ಕೂರಲು 130 ಡಿಗ್ರಿಯಾದರೂ ಬೇಕು. ಹಾಲು ಕರೆಯುವುದು ಕುಕ್ಕರಗಾಲಲ್ಲಿ, ಕಳೆ ಕೀಳುವುದು ಕುಕ್ಕರಗಾಲಲ್ಲಿ, ಹೊಲದ ಬದುವಿನಲ್ಲಿ ಉಣ್ಣುವುದು, ಬಚ್ಚಲಲ್ಲಿ ಪಾತ್ರೆ ತಿಕ್ಕುವುದು, ಪಾಯಿಖಾನೆಗೆ ಹೋಗುವುದು ಎಲ್ಲ ಹಾಗೆಯೇ. ರೇಷ್ಮೆ ಮನೆಯಲ್ಲಿ ಹುಳುವಿಗೆ ಸೊಪ್ಪು ಹಾಕುವವರು ದಿನಕ್ಕೆ ಎಷ್ಟು ಸಲ ಬಗ್ಗಿ ಏಳುತ್ತಾರೆ, ಹಣ್ಣಾದ ಹುಳು ಬಿಟ್ಟ ಚಂದ್ರಿಕೆಯನ್ನು ಹೇಗೆ ಎತ್ತಿ ಸಾಗಿಸುತ್ತಾರೆ ಎಂದು ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಯಾವ ಮನೆಯಲ್ಲಾದರೂ ನೋಡಬಹುದು. ಮಂಡಿ ಮರಗಟ್ಟಿದ ಗುಮಾಸ್ತನ ಸಂಬಳ ನಿಲ್ಲುವುದಿಲ್ಲ. ಮಂಡಿ ಮರಗಟ್ಟಿದ ರೈತ ಹಸು ಮಾರುತ್ತಾನೆ, ತೋಟ ಗುತ್ತಿಗೆಗೆ ಕೊಡುತ್ತಾನೆ. ವ್ಯಾಯಾಮ ಎಂಬುದು ಸಿಟಿಯವರ ಶೋಕಿ ಎಂದು ನಮ್ಮೂರಲ್ಲಿ ಹೇಳುವವರು ಈ ಲೆಕ್ಕವನ್ನು ಹಾಕಿಯೇ ಇಲ್ಲ.

ಒಂದು ಮಾತನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನನ್ನ ವಾದವೂ ಯಾರಿಗಾದರೂ ಹಾನಿ ಮಾಡೀತು. ಆಪರೇಷನ್ ಆದವರೆಲ್ಲ ಮರುದಿನದಿಂದ ಕಾಲೂರಿ ನಡೆಯಬೇಕು ಎಂದು ನಾನು ಹೇಳುತ್ತಿಲ್ಲ. ಮೊಣಕಾಲಿನ ಕೆಳಗಿನ ಮೂಳೆಗೆ ರಾಡ್ ಹಾಕಿದವರಲ್ಲಿ ಬಹಳ ಮಂದಿ ಬೇಗ ಭಾರ ಹಾಕಬಹುದು. ಮಂಡಿಯ ಕೀಲಿನೊಳಗೇ ಮುರಿದು ಪ್ಲೇಟ್ ಹಾಕಿದ್ದರೆ ವಾರಗಟ್ಟಲೆ ಆ ಕಾಲನ್ನು ನೆಲಕ್ಕೆ ತಾಗಿಸಬಾರದು. ಎಷ್ಟು ಭಾರ, ಯಾವಾಗ ಎಂಬುದನ್ನು ಎಕ್ಸ್‌ರೇ ನೋಡಿದ ಡಾಕ್ಟರೇ ಹೇಳಬೇಕು, ಅದನ್ನು ಮೀರುವಂತಿಲ್ಲ. ಆದರೆ ಕಾಲು ಊರಬೇಡ ಎಂದರೆ ಏಳಬೇಡ ಎಂದಲ್ಲ. ಊರದ ಕಾಲನ್ನು ಎತ್ತಿಕೊಂಡು ವಾಕರ್ ಹಿಡಿದು ಒಳ್ಳೆಯ ಕಾಲಿನ ಮೇಲೆ ಬಚ್ಚಲ ತನಕ ಹೋಗಬಹುದು, ಜಗುಲಿಗೆ ಬಂದು ಬಿಸಿಲಿಗೆ ಕೂರಬಹುದು. ಇನ್ನೊಂದು ಕಾಲು, ಎರಡು ಕೈ, ಬೆನ್ನು, ಪುಪ್ಪುಸ ಯಾವುದಕ್ಕೂ ಆಪರೇಷನ್ ಆಗಿಲ್ಲ. ಆಸ್ಪತ್ರೆಯಲ್ಲಿ ಹೇಳುವ ಒಂದು ಸಣ್ಣ ‘ಬೇಡ’ ಮನೆಗೆ ಬರುವಷ್ಟರಲ್ಲಿ ಇಡೀ ದೇಹಕ್ಕೆ ಹರಡಿಬಿಡುತ್ತದೆ.

ಅದು ಹಾಗೆ ಹರಡುವುದರಲ್ಲಿ ಆಸ್ಪತ್ರೆಗಳ ಪಾಲು ದೊಡ್ಡದು. ನನ್ನನ್ನು ಕಳಿಸುವಾಗ ಕೊಟ್ಟ ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು. ಮಾತ್ರೆ ಯಾವ ಹೊತ್ತಿಗೆ ಎಂಬುದನ್ನು ಔಷಧಿ ಅಂಗಡಿಯವರು ಬಿಡಿಸಿ ಹೇಳಿದರು. ಕಾಲಿನ ಬಗ್ಗೆ ಮೂರು ಅಕ್ಷರ ಇತ್ತು, ‘ಎನ್‌ಡಬ್ಲ್ಯುಬಿ’, ಎಂದರೆ ಭಾರ ಹಾಕಬಾರದು ಎಂದು. ಏನು ಮಾಡಬೇಕು ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ಜೊತೆಗಿದ್ದ ದೊಡ್ಡಪ್ಪ ಕೇಳಿದಾಗ ಡಾಕ್ಟರು ‘ರೆಸ್ಟ್ ಮಾಡಲಿ’ ಎಂದು ಹೇಳಿ ಮುಂದಿನ ಹಾಸಿಗೆಗೆ ಹೋದರು. ಅಲ್ಲಿ ಕಾದಿದ್ದವರ ಸಾಲನ್ನು ನಾನೂ ನೋಡಿದ್ದೇನೆ, ಡಾಕ್ಟರ ಕಷ್ಟ ಗೊತ್ತಿದೆ. ಆದರೆ ಆ ಎರಡು ಮಾತು ನಮ್ಮ ಮನೆಯಲ್ಲಿ ಶಾಸನವಾಯಿತು. ಎಷ್ಟು ಬೇಗ ಏಳಬೇಕು, ದಿಂಬು ಎಲ್ಲಿಡಬೇಕು, ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಎಂಬುದನ್ನು ಚಿತ್ರದ ಜೊತೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಡಲು ಒಂದು ಹಾಳೆ ಸಾಕು.

ಹೆಂಗಸರ ವಿಷಯ ಇನ್ನೂ ಕೆಟ್ಟದ್ದು. ಗಂಡಸಿಗೆ ವಿಶ್ರಾಂತಿ ಹೆಚ್ಚಾಗಿ ಕೆಡುತ್ತದೆ. ಹೆಂಗಸಿಗೆ ವಿಶ್ರಾಂತಿಯೂ ಇಲ್ಲ, ವ್ಯಾಯಾಮವೂ ಇಲ್ಲ. ಮೊದಲ ಕೆಲವು ದಿನ ಅವಳನ್ನೂ ಅಲ್ಲಾಡಬೇಡ ಎಂದು ಮಲಗಿಸುತ್ತಾರೆ. ತವರಿನಿಂದ ಬಂದ ಅಕ್ಕನೋ ತಂಗಿಯೋ ವಾಪಸು ಹೋದ ಮೇಲೆ ಅವಳೇ ಕುಂಡೆ ಸವರಿಕೊಂಡು ಒಲೆ ಹತ್ತಿರ ಹೋಗುತ್ತಾಳೆ. ಅದನ್ನು ಯಾರೂ ನಡೆಯುವುದು ಎನ್ನುವುದಿಲ್ಲ, ಕಾಲಿಗೆ ಅದರಿಂದ ಬಲವೂ ಬರುವುದಿಲ್ಲ. ಹಗಲು ಯಾರ ಕಣ್ಣಿಗೂ ಬೀಳಬಾರದು, ರಾತ್ರಿ ಯಾರನ್ನೂ ಎಬ್ಬಿಸಬಾರದು ಎಂದು ಸಂಜೆಯಾದರೆ ನೀರು ಮುಟ್ಟದ ಹೆಂಗಸರನ್ನು ನಾನು ಬಲ್ಲೆ. ನೀರಿಲ್ಲದೆ ಉರಿಮೂತ್ರ, ಮಲಬದ್ಧತೆ. ಆಮೇಲೆ ಹೊಟ್ಟೆ ಕಟ್ಟುತ್ತದೆಂದು ಊಟವನ್ನೂ ಬಿಡುತ್ತಾರೆ. ನಮ್ಮ ಅತ್ತೆ ಎದ್ದು ನಡೆದದ್ದು ಯಾವ ಟಾನಿಕ್ಕಿನಿಂದಲೂ ಅಲ್ಲ. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊಯ್ದು, ಅಂಚನ್ನು ಬಟ್ಟೆ ಸುತ್ತಿ ಮೆತ್ತಗೆ ಮಾಡಿ, ಪಾಯಿಖಾನೆಯ ಗುಂಡಿಯ ಮೇಲಿಟ್ಟೆವು. ಕೈಗೆ ಸಿಗುವ ಎತ್ತರದಲ್ಲಿ ಗೋಡೆಗೆ ಒಂದು ಕಬ್ಬಿಣದ ಪೈಪ್ ಹಾಕಿಸಿದೆವು. ಅವತ್ತಿನಿಂದ ಅವರು ಹೊಟ್ಟೆ ತುಂಬ ನೀರು ಕುಡಿದರು, ದಿನಕ್ಕೆ ಅಷ್ಟು ಸಲ ಎದ್ದರು. ಎದ್ದು ಎದ್ದೇ ಕಾಲಿಗೆ ಬಲ ಬಂತು.

ಊಟದ ಪಥ್ಯವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು, ಬದನೆಕಾಯಿ ನಂಜು, ಮೊಸರು ಶೀತ ಎಂದು ಎಲ್ಲವನ್ನೂ ತಪ್ಪಿಸಿ ಗಂಜಿ, ರಸ್ಕು, ಬ್ರೆಡ್ಡು ಕೊಡುತ್ತಾರೆ. ಕೀವಾಗುವುದು ಗಾಯಕ್ಕೆ ಸೋಂಕು ತಗುಲಿದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ. ಬೇಳೆಗೂ ಅದಕ್ಕೂ ಸಂಬಂಧವಿಲ್ಲ. ಗಾಯ ಮಾಯಲು, ಕರಗಿದ ಮಾಂಸ ತುಂಬಲು ಬೇಳೆ, ಕಾಳು, ಮೊಟ್ಟೆ, ಹಾಲೇ ಬೇಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಮುದ್ದೆಯನ್ನೂ ಅವರೆಕಾಳಿನ ಸಾರನ್ನೂ ಮನೆಯವರೆಲ್ಲ ಉಂಡು, ಮೂಳೆ ಮುರಿದವನಿಗೆ ಮಾತ್ರ ರಸ್ಕು ಕೊಡುವ ಪದ್ಧತಿ ನಿಲ್ಲಬೇಕು. ನಿಜವಾಗಿ ನಿಲ್ಲಿಸಬೇಕಾದ ಒಂದು ವಸ್ತುವನ್ನು ಯಾರೂ ನಿಲ್ಲಿಸುವುದಿಲ್ಲ. ಬೀಡಿ. ನೋಡಲು ಬಂದ ಸ್ನೇಹಿತರೇ ಹಚ್ಚಿ ಕೊಡುತ್ತಾರೆ, ‘ಪಾಪ, ಬೇಜಾರು ಕಳೀಲಿ’ ಎಂದು. ತಂಬಾಕು ಮೂಳೆ ಕೂಡುವುದನ್ನು ತಡ ಮಾಡುತ್ತದೆ ಎಂಬುದರಲ್ಲಿ ಯಾವ ಮೂಳೆ ಡಾಕ್ಟರಿಗೂ ಅನುಮಾನವಿಲ್ಲ.

ಇಷ್ಟು ಸ್ಪಷ್ಟವಾಗಿ ಕೆಡುಕು ಮಾಡುವ ನಂಬಿಕೆ ಇಷ್ಟು ಗಟ್ಟಿಯಾಗಿ ಏಕೆ ನಿಂತಿದೆ? ಅಜ್ಞಾನ ಎಂದು ಹೇಳಿ ಹಳ್ಳಿಯವರ ಮೇಲೆ ಹಾಕುವುದು ಸುಲಭ, ನಾನು ಅದನ್ನು ಒಪ್ಪುವುದಿಲ್ಲ. ಮಲಗಿಸುವುದು ಎಲ್ಲರಿಗೂ ಅಗ್ಗ, ಅದಕ್ಕೇ ನಿಂತಿದೆ. ಮಲಗಿದವನಿಗೆ ಒಂದು ಮಂಚ, ಒಂದು ತಟ್ಟೆ ಸಾಕು. ಎದ್ದೇಳುವವನಿಗೆ ಪಕ್ಕದಲ್ಲಿ ಒಬ್ಬರು ಬೇಕು, ವಾಕರ್ ಬೇಕು, ಜಾರದ ನೆಲ ಬೇಕು, ವಾರಕ್ಕೊಮ್ಮೆ ಬಂದು ಮಂಡಿ ಎಷ್ಟು ಮಡಚಿತು ಎಂದು ನೋಡುವವರು ಬೇಕು. ‘ರೆಸ್ಟ್ ಮಾಡಲಿ’ ಎಂದರೆ ಆಸ್ಪತ್ರೆಯ ಹೊಣೆ ಮುಗಿಯಿತು, ಸರ್ಕಾರದ ಹೊಣೆ ಶುರುವಾಗುವುದೇ ಇಲ್ಲ, ಊರಿನವರ ಹೊಣೆ ಮೂಸಂಬಿಯಲ್ಲಿ ತೀರಿತು. ಇಡೀ ಭಾರ ಬೀಳುವುದು ಮಲಗಿದವನ ಮೇಲೆ ಮತ್ತು ಅವನ ಮನೆಯ ಹೆಂಗಸಿನ ಮೇಲೆ.

ಸರ್ಕಾರ ಏನೂ ಕೊಡುವುದಿಲ್ಲ ಎಂದರೆ ಸುಳ್ಳಾಗುತ್ತದೆ. ರಸ್ತೆಯಲ್ಲಿ ಬಿದ್ದವರಿಗೆ ಮೊದಲ 48 ಗಂಟೆಗೆ 25,000 ರೂಪಾಯಿ ತನಕ ಚಿಕಿತ್ಸೆ ಕೊಡುವ ಸಾಂತ್ವನ ಹರೀಶ್ ಯೋಜನೆ ನಮ್ಮ ರಾಜ್ಯದಲ್ಲಿ 2016ರಲ್ಲಿ ಬಂತು. 2003ರಲ್ಲಿ ಸಹಕಾರಿ ರೈತರಿಗಾಗಿ ಶುರುವಾದ ಯಶಸ್ವಿನಿ, ನಡುವೆ ನಿಂತು, 2022ರಲ್ಲಿ ಮತ್ತೆ ಬಂದಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕದ ಚಿಕಿತ್ಸೆ ಇದೆ. ಇವುಗಳಿಂದ ಉಳಿದ ಕಾಲುಗಳನ್ನು ನಾನೇ ನೋಡಿದ್ದೇನೆ, ಕೃತಜ್ಞತೆ ಇದೆ. ಆದರೆ ಎಲ್ಲವೂ ಆಸ್ಪತ್ರೆಯ ಗೇಟಿನ ಆಸುಪಾಸಿನಲ್ಲೇ ಮುಗಿಯುತ್ತವೆ. ರಾಡಿಗೆ ದುಡ್ಡಿದೆ, ರಾಡ್ ಹಾಕಿಸಿಕೊಂಡವನನ್ನು ಮನೆಯಲ್ಲಿ ಎಬ್ಬಿಸುವವರಿಗೆ ದುಡ್ಡಿಲ್ಲ. ಇಎಸ್‌ಐ ಇರುವ ಕಾರ್ಖಾನೆ ಕಾರ್ಮಿಕನಿಗೆ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳ ತನಕ ಕೂಲಿಯ ಶೇಕಡ 70ರಷ್ಟು ಸಿಗುತ್ತದೆ. ಮೂರು ತಿಂಗಳು ಎಂಬ ಲೆಕ್ಕ ಕಾನೂನಿಗೂ ಗೊತ್ತಿದೆ ಎಂದಾಯಿತು. ಕೆಂಚಾರ್ಲಹಳ್ಳಿಯಲ್ಲಿ ಟೊಮೆಟೊ ಕೀಳಲು ಹೋಗುವ ಹೆಣ್ಣಾಳಿಗೆ ಆ 91 ದಿನಗಳಲ್ಲಿ ಒಂದು ದಿನದ್ದೂ ಸಿಗುವುದಿಲ್ಲ. ಅವಳನ್ನು ಹಿಡಿದು ನಡೆಸಲು ಮನೆಯಲ್ಲಿ ಉಳಿದ ಮಗನ ಕೂಲಿಯೂ ಹೋಗುತ್ತದೆ. ಹೀಗಿರುವಾಗ ‘ಯಾಕಮ್ಮ ವ್ಯಾಯಾಮ ಮಾಡಲಿಲ್ಲ’ ಎಂದು ಮರುಭೇಟಿಯಲ್ಲಿ ಅವಳನ್ನು ಗದರಿಸುವ ಹಕ್ಕು ಯಾರಿಗಿದೆ?

ಮನೆ ಬಾಗಿಲಿಗೆ ಹೋಗುವುದು ಆಗದ ಕೆಲಸ ಎನ್ನುವವರು ಬಾಣಂತಿಯ ಮನೆಯನ್ನು ನೋಡಲಿ. ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದರೆ 3, 7, 14, 21, 28 ಮತ್ತು 42ನೇ ದಿನಗಳಲ್ಲಿ ಆಶಾ ಕಾರ್ಯಕರ್ತೆ ಮಗುವನ್ನು ನೋಡಲು ಮನೆಗೆ ಬರಬೇಕೆಂಬುದು ವ್ಯವಸ್ಥೆ. ಬರುತ್ತಾರೆ, ತೂಗುತ್ತಾರೆ, ಎದೆಹಾಲು ಕುಡಿಸುವುದನ್ನು ನೋಡುತ್ತಾರೆ. ಹೆತ್ತವಳನ್ನು ನೋಡಿಕೊಳ್ಳುವುದು ಬರೀ ಅವಳ ಮನೆಯವರ ಕೆಲಸ ಎಂಬ ಹಳೆಯ ನಂಬಿಕೆಯನ್ನು ಮುರಿದೇ ಇದು ಬಂದದ್ದು. ಕಾಲಿನ ಆಪರೇಷನ್ ಆದವರಿಗೂ ಇಂಥದೇ ಭೇಟಿಗಳು ಬೇಕು: ಗಾಯ ನೋಡಲು, ಮೀನಖಂಡ ಮುಟ್ಟಿ ನೋಡಲು, ದಿಂಬು ಸರಿಸಲು. ಇದನ್ನೂ ಸಂಬಳವಿಲ್ಲದೆ ಆಶಾ ಕಾರ್ಯಕರ್ತೆಯ ಹೆಗಲಿಗೇ ಹೊರಿಸಿ ಎಂದು ನಾನು ಹೇಳುವುದಿಲ್ಲ. ಸಿಗುವ ಅಲ್ಪ ಗೌರವಧನಕ್ಕಾಗಿ ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತದ್ದನ್ನು ನಾಡೆಲ್ಲ ನೋಡಿದೆ. ಹೋಬಳಿಗೊಬ್ಬ ಫಿಸಿಯೋಥೆರಪಿಸ್ಟ್ ಇರಲಿ, ವಾರದಲ್ಲಿ ಒಂದು ದಿನ ಆರೋಗ್ಯ ಕೇಂದ್ರದಲ್ಲಿ ಕೂರಲಿ, ಉಳಿದ ದಿನ ಮನೆಗಳಿಗೆ ಹೋಗಲಿ. ಅವರ ಸಂಬಳ, ಎರಡನೇ ಸಲ ಆಪರೇಷನ್ ಮಾಡಿ ಮಂಡಿ ಬಿಡಿಸುವ ಖರ್ಚಿಗಿಂತ ಹೆಚ್ಚಾಗಲಾರದು.

ಎದುರಾಗುವ ಕೊನೆಯ ಆಕ್ಷೇಪಣೆ ನ್ಯಾಯವಾದದ್ದು, ಅದನ್ನು ತಳ್ಳಿಹಾಕಲಾರೆ. ‘ಬಿದ್ದರೆ?’ ಮತ್ತೆ ಆಸ್ಪತ್ರೆ, ಮತ್ತೆ ಸಾಲ. ಎಬ್ಬಿಸುವ ಮೊದಲೇ ಈ ಭಯ ಮನೆಯವರ ಕೈ ಹಿಡಿದುಕೊಳ್ಳುತ್ತದೆ. ಆದರೆ ಮೂರು ತಿಂಗಳು ಮಲಗಿ ಮಾಂಸ ಕರಗಿಸಿಕೊಂಡವನು ಎದ್ದ ದಿನ ಬೀಳುವ ಸಾಧ್ಯತೆಯೇ ಹೆಚ್ಚು. ಬೀಳುವ ಭಯಕ್ಕೆ ಮದ್ದು ನೆಲದಲ್ಲಿದೆ. ನಮ್ಮ ಮನೆಗಳ ಹೊಸ್ತಿಲು ಎತ್ತರ, ಬಚ್ಚಲಿಗೆ ಇಳಿಯಲು ಒಂದು ಮೆಟ್ಟಿಲು, ಅಲ್ಲಿ ಹಾಸಿದ ಕಡಪ ಕಲ್ಲು ನೀರು ಬಿದ್ದರೆ ಜಾರುತ್ತದೆ, ರಾತ್ರಿ ಕರೆಂಟ್ ಇರುವುದಿಲ್ಲ. ಹೊಸ್ತಿಲ ಎರಡೂ ಬದಿಗೆ ಹಲಗೆಯ ಇಳಿಜಾರು ಕೊಡಬಹುದು, ಬಚ್ಚಲಿಗೆ ಗೋಣಿತಾಟು ಹಾಸಬಾರದು (ಅದೇ ವಾಕರಿನ ಕಾಲಿಗೆ ಸಿಕ್ಕಿಕೊಳ್ಳುತ್ತದೆ), ರಬ್ಬರ್ ಮ್ಯಾಟ್ ಹಾಕಬೇಕು, ಮಂಚದ ಪಕ್ಕ ಟಾರ್ಚ್ ಇಡಬೇಕು. ಮಂಚ ತೀರ ತಗ್ಗಾಗಿದ್ದರೆ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು, ಅಲುಗದಂತೆ ಭದ್ರ ಮಾಡಿ ಎತ್ತರಿಸಬೇಕು. ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ಮೂಸಂಬಿ ತರುವ ನಾಲ್ಕು ಜನರಲ್ಲಿ ಒಬ್ಬ ಗಾರೆ ಕೆಲಸದವನೋ ಬಡಗಿಯೋ ನಮ್ಮೂರಲ್ಲಿ ಇದ್ದೇ ಇರುತ್ತಾನೆ.

ವಾಕರ್‌ಗಂತೂ ಯಾರೂ ಹೊಸದಾಗಿ ದುಡ್ಡು ಹಾಕಬೇಕಾಗಿಲ್ಲ. ಒಂದೊಂದು ಬೀದಿಯಲ್ಲೂ ಯಾವುದೋ ಮನೆಯ ಅಟ್ಟದ ಮೇಲೆ ಒಂದು ವಾಕರ್, ಒಂದು ಜೊತೆ ಊರುಗೋಲು, ಕಮೋಡ್ ಕುರ್ಚಿ ಧೂಳು ಹಿಡಿದು ಬಿದ್ದಿದೆ. ಅಪಶಕುನ ಎಂದು ಇನ್ನೊಬ್ಬರಿಗೆ ಕೊಡುವುದಿಲ್ಲ, ಕೇಳಲು ಇನ್ನೊಬ್ಬರಿಗೆ ಸಂಕೋಚ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದಾರೆ. ಅಲ್ಲಿ ಪುಸ್ತಕ ಎರವಲು ಕೊಡಲು ಒಂದು ರಿಜಿಸ್ಟರ್ ಇದೆ, ಬರೆದುಕೊಳ್ಳುವವರೂ ಇದ್ದಾರೆ. ಮುಂದಿನ ಗ್ರಾಮ ಸಭೆಯಲ್ಲಿ ನಾನು ಕೇಳಲಿರುವುದು ಇಷ್ಟೇ: ಅಟ್ಟದಲ್ಲಿರುವುದನ್ನೆಲ್ಲ ಇಳಿಸಿ ಅಲ್ಲಿಗೆ ತರೋಣ, ರಬ್ಬರ್ ಬೂಟು ಸವೆದಿದ್ದರೆ ಪಂಚಾಯಿತಿ ಹೊಸದು ಹಾಕಿಸಲಿ, ಅದೇ ರಿಜಿಸ್ಟರಿನಲ್ಲಿ ಬರೆದು ಬೇಕಾದವರ ಮನೆಗೆ ಆಪರೇಷನ್ ಮುಗಿಸಿ ಬಂದ ದಿನವೇ ತಲುಪಿಸಲಿ.